ಲಡಾಖ್ ಜೀಪಿನ ಐದನೇ ಸೀಟು

ಗೆಳತಿಯರೇ, ಭತ್ತದ ಕೊಯ್ಲಿಗೆ ಮುಂಚೆ ನನ್ನ ಗಂಡ ಮತ್ತು ಅವರ ಮೂವರು ಗೆಳೆಯರು ಜೀಪಿನಲ್ಲಿ ಲಡಾಖಿನ ಎತ್ತರದ ಘಾಟಿಗಳನ್ನು ದಾಟಲಿದ್ದಾರೆ. ಇವತ್ತು ನಮ್ಮ ಸಿದ್ದಾಪುರದ ಮನೆಯಲ್ಲೇ ದಾರಿ ನಿಕ್ಕಿಯಾಯಿತು. ಕೂಸನ್ನು ಹೆಗಲಿಗೆ ಹಾಕಿಕೊಂಡೇ ಚಹಾ ಕೊಟ್ಟೆ.

“ಇನ್ನೊಂದು ಸೀಟು ಖಾಲಿ ಐತಲ್ರಿ?” ಅಂದೆ.

“ಅಷ್ಟು ಮ್ಯಾಲ ಕೂಸಿಗೆ ಉಸಿರಾಡಾಕ ಆಗಂಗಿಲ್ಲ, ಹುಚ್ಚಿ” ಅಂದರು ಇವರು. ಅದು ನನಗೂ ಗೊತ್ತು.

“ಹಂಗಾದ್ರ ನೀವರ ಉಳೀರಿ. ರಾತ್ರಿಯೆಲ್ಲಾ ಅಳತೈತಿ, ನಾ ಒಬ್ಬಾಕಿನ ಏನ್ ಮಾಡ್ಲಿ?”

ಇವರು ಚಹಾ ಕುಡಿಯತೊಡಗಿದರು. ಆಮೇಲೆ ಒಬ್ಬ ಗೆಳೆಯ, “ವೈನಿ, ಆ ಸೀಟು ನಿಮ್ಮ ಖಡಕ್ ರೊಟ್ಟಿ ಡಬ್ಬಿಗೆ ರೀ. ಹಿಂದ ಇಟ್ರ ಮುರೀತಾವು” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಳೆಯಿಂದ ರೊಟ್ಟಿ ಬಡಿಯಬೇಕು. ಡಬ್ಬಿಗೆ ಸೀಟ್ ಬೆಲ್ಟನ್ನೂ ಹಾಕುತ್ತಾರಂತೆ.