ದಾಸವಾಳದ ಕಳ್ಳ, ಸಂಬಳವಿಲ್ಲದ ಪೇದೆ

ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಬಡಾವಣೆಯ ಕಾವಲು ಸಮಿತಿಗೆ ನಾನು ಮುಖ್ಯಸ್ಥನಾದದ್ದು ಸಭೆಗೆ ಹೋಗದೆ ಇದ್ದುದರಿಂದ. ಹೋದವರೆಲ್ಲ ಸೇರಿ ಬಾರದವನನ್ನು ಆರಿಸಿದರು. ನನ್ನ ಹೆಸರು ಕಲ್ಮೇಶ್, ಊರು ಗದಗ. ಇಪ್ಪತ್ತೆರಡು ವರ್ಷದಿಂದ ಹತ್ತಿರದ ವಾರೆನ್ ಊರಿನಲ್ಲಿ ಕಾರಿನ ಬ್ರೇಕು ಕಿರುಗುಟ್ಟುವುದನ್ನು ಕೇಳಿ ದೋಷ ಹೇಳುವುದು ನನ್ನ ಕೆಲಸ. ಮನುಷ್ಯರನ್ನೂ ಹಾಗೆಯೇ ಪತ್ತೆಹಚ್ಚಬಲ್ಲೆ ಎಂಬ ಭ್ರಮೆ ಇತ್ತು.

ಹುದ್ದೆ ಬಂದ ಮೇಲೆ ಲೈಬ್ರರಿಯಿಂದ ಇಂಗ್ಲೆಂಡಿನ ಕಾನ್ಸ್‌ಟೇಬಲ್‌ಗಳ ಚರಿತ್ರೆ ತಂದು ಓದಿದೆ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಹಳೆಯ ಕಾಲದಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಪೇದೆಗೆ ಸಂಬಳವೇ ಇರಲಿಲ್ಲವಂತೆ. ಕಮ್ಮಾರನೋ ರೈತನೋ ಸರದಿಯ ಮೇಲೆ ಒಂದು ವರ್ಷ ಆ ಕೆಲಸ ಮಾಡಬೇಕು. ಕಳ್ಳನನ್ನು ಕಂಡು ಹುಯಿಲೆಬ್ಬಿಸಿದರೆ ಊರಿಗೆ ಊರೇ ಕೆಲಸ ಬಿಟ್ಟು ಜೊತೆಗೆ ಓಡಬೇಕು. ಆಮೇಲೆ ಸರ್ಕಾರ ಸಮವಸ್ತ್ರ ಕೊಟ್ಟಿತು, ನಂಬರು ಕೊಟ್ಟಿತು, ಸಂಬಳ ಕೊಟ್ಟಿತು; ಜನ ಇನ್ನು ಅವರೇ ನೋಡಿಕೊಳ್ಳುತ್ತಾರೆ ಎಂದು ಬಾಗಿಲು ಹಾಕಿಕೊಂಡರು. ಆ ಹಳೆಯ ಪೇದೆ ನಾನೇ ಎಂದು ಎದೆ ಉಬ್ಬಿತು. ಮಿಂಚುವ ಹಳದಿ ವೆಸ್ಟು, ಟಾರ್ಚು, ಒಂದು ಸೀಟಿ ತರಿಸಿಕೊಂಡೆ.

"ಕಳ್ಳ ಸಿಕ್ರ ಏನ್ ಮಾಡ್ತೀರಿ? ಬ್ರೇಕ್ ಹಾಕ್ತೀರೇನು?" ಎಂದಳು ಹೆಂಡತಿ ಶಾಂಭವಿ.

ಜೂನ್‌ನಲ್ಲಿ ಕಳ್ಳ ಬಂದೇ ಬಿಟ್ಟ. ಮೂರನೇ ಮನೆಯ ಮೈಸೂರಿನ ಪದ್ಮಜಾ ಅವರು ಚಳಿಗಾಲವಿಡೀ ಮನೆಯೊಳಗೆ ಸಾಕಿ, ಈಗ ಹೊರಗಿಟ್ಟ ಕುಂಡದ ದಾಸವಾಳ ಗಿಡದ ಹೂವುಗಳು ನಾಲ್ಕು ದಿನದಿಂದ ಬೆಳಗಾದರೆ ಮಾಯ. ಅವರು ಕ್ಯಾಮೆರಾದ ವಿಡಿಯೊವನ್ನು ಗ್ರೂಪಿಗೆ ಹಾಕಿದರು. ಬೆಳಗಿನ ಮಬ್ಬಿನಲ್ಲಿ ತಲೆ ಮುಚ್ಚಿದ ಆಕೃತಿಯೊಂದು ಬಗ್ಗಿ, ಏನನ್ನೋ ಜಾಕೆಟ್ಟಿನೊಳಗೆ ತುರುಕಿಕೊಂಡು ಹೋಗುತ್ತಿತ್ತು. ಏಳು ಸಲ ನೋಡಿ ತೀರ್ಪು ಕೊಟ್ಟೆ: ಗಂಡಸು, ಮೂವತ್ತರ ಆಸುಪಾಸು. ಪೊಲೀಸರಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. ಜಾಕೆಟ್ಟಿನೊಳಗೆ ಏನೋ ಬಚ್ಚಿಟ್ಟುಕೊಳ್ಳುತ್ತಾನೆ ಎಂಬುದನ್ನು ಒತ್ತಿ ಹೇಳಿದೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ವೆಸ್ಟು ತೊಟ್ಟು ಹೊರಟೆ. ತಿರುವಿನಲ್ಲಿ ಪೊಲೀಸ್ ಕಾರು ನಿಂತಿತ್ತು. ಎಳೆಯ ವಯಸ್ಸಿನ ಅಧಿಕಾರಿ ಸೊಂಟದ ಪಿಸ್ತೂಲಿನ ಮೇಲೆ ಕೈ ಇಟ್ಟು, ಕೈ ಕಾಣುವ ಹಾಗೆ ನಿಲ್ಲು ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅವನೆದುರು ನನ್ನ ಹಳೆಯ ಕಂದು ಜಾಕೆಟ್ಟು ನಿಂತಿತ್ತು. ಅದರೊಳಗೆ ನನ್ನ ಅತ್ತೆ ಮಲ್ಲಮ್ಮ ಇದ್ದರು. ಗದಗದಿಂದ ಬಂದು ಮೂರು ವಾರವಾಗಿತ್ತು. ಒಂದಕ್ಷರ ಇಂಗ್ಲಿಷ್ ಬಾರದ ಅವರ ಬಲಗೈ ಜಾಕೆಟ್ಟಿನೊಳಗಿತ್ತು, ಅದನ್ನು ಈಗ ಹೊರಗೆ ತೆಗೆಯುವುದರಲ್ಲಿದ್ದರು.

"ಅತ್ತೀ, ಕೈ ತಗೀಬ್ಯಾಡ್ರಿ! ಹಂಗ ನಿಂದ್ರಿ!"

ಗಂಟಲು ಹರಿಯುವ ಹಾಗೆ ಕೂಗಿದೆ. ಅಧಿಕಾರಿ ಗರ್ರನೆ ನನ್ನ ಕಡೆ ತಿರುಗಿದ. ಟಾರ್ಚು ಬಿಸಾಕಿ ಎರಡೂ ಕೈ ಎತ್ತಿದೆ. ಹುಯಿಲಿಗೆ ಊರೇನೂ ಓಡಿ ಬರಲಿಲ್ಲ. ಕಿಟಕಿಗಳ ಪರದೆ ಮಾತ್ರ ಅಲ್ಲಾಡಿದವು. ಬಂದವರು ಒಬ್ಬರೇ, ಹೂವು ಕಳೆದುಕೊಂಡ ಪದ್ಮಜಾ. ನೈಟಿಯಲ್ಲೇ ಓಡಿ ಬಂದು ಅಧಿಕಾರಿಗೂ ಅತ್ತೆಗೂ ನಡುವೆ ನಿಂತರು. "ಷಿ ಈಸ್ ಅವರ್ ಆಂಟಿ!"

ಅಧಿಕಾರಿ ಕೈ ಇಳಿಸಿದ. ಅತ್ತೆ ಮೆಲ್ಲಗೆ ಕೈ ಹೊರಗೆ ತೆಗೆದು ಬೊಗಸೆ ತೆರೆದರು. ಐದು ದಾಸವಾಳ.

"ದೇವರಿಗಂತ ಹರಕೊಂಡೀನ್ರಿ. ಗಾಳಿಗೆ ಬಾಡಬಾರ್ದಂತ ಒಳಗ ಇಟ್ಕೊಂಡಿದ್ದೆ."

ಗದಗದಲ್ಲಿ ಯಾರ ಬೇಲಿಯ ಹೂವಾದರೂ ಬೆಳಗಿನ ಹೊತ್ತು ದೇವರದ್ದೇ. ಆ ನಾಲ್ಕೂ ದಿನ ನಾನು ಸ್ನಾನ ಮಾಡಿ, ಅದೇ ಹೂವು ಮುಡಿದ ದೇವರಿಗೆ ಕೈಮುಗಿದು, ಒಬ್ಬ ಕಳ್ಳನನ್ನಾದರೂ ಹಿಡಿದುಕೊಡಪ್ಪಾ ಎಂದು ಬೇಡಿಕೊಂಡು ಸಂಜೆಯ ಗಸ್ತಿಗೆ ಹೊರಟಿದ್ದೆ. ಮನೆಗೆ ಬಂದಾಗ ಶಾಂಭವಿ ನಗುತ್ತಾಳೆಂದುಕೊಂಡೆ. "ಕಂಕುಳಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡುಕಿದ್ರಿ" ಎಂದಳೇ ಹೊರತು ನಗಲಿಲ್ಲ. ಅಮ್ಮನ ಕೈ ಹಿಡಿದು ಕೂತಿದ್ದಳು.

"ಪೊಲೀಸ್ರಿಗೆ ಫೋನ್ ಮಾಡಿದ್ದು ನಾನ, ಅತ್ತಿ" ಎಂದೆ.

"ನಾ ಅಂತ ಗೊತ್ತಾಗಲಿಲ್ಲೇನ್ರಿ, ಕಲ್ಮೇಶಪ್ಪಾ?"

"ಇಲ್ರಿ."

ಅವರು ಜಾಕೆಟ್ಟನ್ನು ಬಿಚ್ಚಿ, ಮಡಚಿ ನನ್ನ ಕೈಗೆ ಕೊಟ್ಟರು. "ಹೋಗ್ಲಿ ಬಿಡ್ರಿ. ನಿಮ್ಮ ಜಾಕೀಟ್ ಆದ್ರೂ ಗುರ್ತು ಸಿಗಬೇಕಿತ್ತು."

ಆ ಮಾತು ನಾಟಿತು. ತನ್ನ ಊರಿನ ಪ್ರತಿ ಮುಖವನ್ನೂ ಬಲ್ಲ ಆ ಹಳೆಯ ಪೇದೆಯೆಲ್ಲಿ, ತನ್ನ ಮನೆಯ ಗೂಟದಲ್ಲಿ ನೇತಾಡುವ ಜಾಕೆಟ್ಟನ್ನೇ ಅರಿಯದ ನಾನೆಲ್ಲಿ.

ಅಂದಿನಿಂದ ಅತ್ತೆ ಬೆಳಿಗ್ಗೆ ಹೊಸ್ತಿಲು ದಾಟಲಿಲ್ಲ. ಮೂರನೇ ದಿನವೂ ದೇವರ ತಲೆ ಬರಿದಾಗಿದ್ದುದನ್ನು ನೋಡಲಾರದೆ ಪದ್ಮಜಾ ಅವರನ್ನು ಕೇಳಿದೆ. "ಕಿತ್ಕೊಳ್ಳಿ ಕಲ್ಮೇಶ್, ಅದಕ್ಯಾಕೆ ಇಷ್ಟು ಸಂಕೋಚ?" ಎಂದರು. ಮರುದಿನ ಬೆಳಿಗ್ಗೆ ಅದೇ ಜಾಕೆಟ್ಟು ತೊಟ್ಟು ಕುಂಡದ ಮುಂದೆ ಬಗ್ಗಿದೆ. ತಲೆಯ ಮೇಲೆ ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಿತು. ಐದು ಹೂವು ಕಿತ್ತು, ಎರಡೂ ಕೈ ಚೆನ್ನಾಗಿ ಕಾಣುವ ಹಾಗೆ ಮುಂದೆ ಚಾಚಿಕೊಂಡು ಮನೆಯವರೆಗೂ ನಡೆದು ಬಂದೆ.