ಫ್ಲೆಕ್ಸಿನಲ್ಲಿ ಅತ್ತ ಅಂಗಡಿ ಆಂಟಿ

ಹೋದ ವಾರ ವಿಜಯನಗರದ ಒಂದು ಮಾರ್ಟಿನಲ್ಲಿ ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದವರ ಬುಟ್ಟಿಯಲ್ಲಿ ಇಂಗಿನ ಡಬ್ಬಿಯ ಮುಚ್ಚಳ ಕಳಚಿಕೊಂಡು ಪುಡಿಯೆಲ್ಲ ಚೆಲ್ಲಿತ್ತು. ಏಸಿಯ ತಣ್ಣನೆ ಗಾಳಿಯಲ್ಲಿ, ಸೋಪು, ಫಿನಾಯಿಲುಗಳ ವಾಸನೆಯ ನಡುವೆ, ಆ ಘಾಟು ಒಮ್ಮೆಲೇ ಎದ್ದಿತು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ. ನಮ್ಮ ಅಂಗಡಿ ಆಂಟಿಯ ಕೈಯ ವಾಸನೆ ಅದು...

ಅವರು ಗಟ್ಟಿ ಇಂಗನ್ನು ಅಡಕತ್ತರಿಯಲ್ಲಿ ಕತ್ತರಿಸಿ, ಹಳೇ ಪೇಪರಿನ ಚೂರಿನಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಆ ವಾಸನೆ ಅವರ ಬೆರಳನ್ನು ಬಿಟ್ಟು ಹೋಗಿದ್ದೇ ಇಲ್ಲ. ಅವರ ಕೈಯಿಂದ ಬಂದ ಬ್ರೆಡ್ಡಿಗೂ, ಊದುಬತ್ತಿಗೂ, ಚಿಲ್ಲರೆಗೂ ಇಂಗಿನ ಪರಿಮಳ. ಅಮ್ಮ ಸಾರಿಗೆ ಇಂಗು ಹಾಕುವುದನ್ನು ಮರೆತ ದಿನ ಅಪ್ಪ, "ಆ ಹತ್ತು ರೂಪಾಯಿ ನೋಟನ್ನೇ ಒಂದ್ಸಲ ಅದ್ದಿ ತೆಗಿ" ಎಂದು ನಗುತ್ತಿದ್ದರು.

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಿಂದ ಒಳಗೆ ನಡೆದು ಬಂದರೆ ನಮ್ಮ ಕ್ರಾಸ್. ಮೂಲೆಯ ಹಳೇ ಮನೆಯ ಮುಂದಿನ ರೂಮೇ ಅವರ ಅಂಗಡಿ. ಹಿಂದಿನ ರೂಮಿನಲ್ಲಿ ಸಂಸಾರ. ಸಂಸಾರವೆಂದರೆ ಅವರು ಮತ್ತು ಹಾಸಿಗೆ ಹಿಡಿದಿದ್ದ ಅವರ ಅತ್ತೆ, ಇಬ್ಬರೇ. ಅವರು ಹಾವೇರಿ ಕಡೆಯವರು. ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಊರಿಗೆ ಹಿಂತಿರುಗದೆ ಇಲ್ಲೇ ಅಂಗಡಿ ಇಟ್ಟುಕೊಂಡಿದ್ದರು. ಎರಡು ರೂಮಿನ ನಡುವೆ ಯಾವಾಗಲೂ ಒಂದು ಹೂವಿನ ಪರದೆ ಇಳಿಬಿದ್ದಿರುತ್ತಿತ್ತು. ಒಳಗಿನ ಅಜ್ಜಿಯನ್ನು ನಾವ್ಯಾರೂ ಸರಿಯಾಗಿ ನೋಡಿದವರಲ್ಲ. ಒಮ್ಮೊಮ್ಮೆ ಕೆಮ್ಮು ಮಾತ್ರ ಕೇಳುತ್ತಿತ್ತು.

ಆಂಟಿಗೆ ಬಣ್ಣದ ಮೋಹ ಬಹಳ. ಬೇಳೆ ತೂಗುವಾಗಲೂ ಒಳ್ಳೇ ಇಳಕಲ್ ಸೀರೆ, ಮುಡಿಯಲ್ಲಿ ಹೂವು. ಯಾರಾದರೂ ಹೊಸ ಫೋನ್ ತಂದರೆ, "ನಂದೊಂದು ಫೋಟೋ ತೆಗಿ ನೋಡೋಣ" ಎಂದು ಕೌಂಟರಿನ ಹಿಂದೆ ನೆಟ್ಟಗೆ ನಿಲ್ಲುತ್ತಿದ್ದರು. ನಾನು ಆಗ ತಾನೇ ಕೆಲಸಕ್ಕೆ ಸೇರಿ ಫೋನ್ ಕೊಂಡಿದ್ದೆ. ಅದರಲ್ಲಿ ನನ್ನವಕ್ಕಿಂತ ಅವರ ಫೋಟೋಗಳೇ ಹೆಚ್ಚು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿ ಅವರ ಮಾತು ಪೂರಾ ಇಲ್ಲಿಯದೇ ಆಗಿತ್ತು. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು. ಹಾಗೆ ಬಂದದ್ದನ್ನು ನಾನು ಕೇಳಿದ್ದು ಅಪರೂಪ.

ಅಂಗಡಿಯ ಮುಂದೆ ಒಂದು ಕಲ್ಲುಚಪ್ಪಡಿ ಇತ್ತು. ದಿನಾ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಅಲ್ಲಿ ಎರಡು ಜೀವ ಸೇರುತ್ತಿದ್ದವು. ಒಬ್ಬರು ನಮ್ಮಪ್ಪ, ಸರ್ಕಾರಿ ಗುಮಾಸ್ತರಾಗಿ ನಿವೃತ್ತರಾದವರು. ಇನ್ನೊಬ್ಬರು ಎದುರು ಮನೆಯ ಮೇಷ್ಟ್ರು, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಅಪ್ಪ ಆಗ ಆಳುತ್ತಿದ್ದ ಪಕ್ಷದ ಕಡೆ, ಮೇಷ್ಟ್ರು ವಿರೋಧ ಪಕ್ಷದ ಕಡೆ. ತೊಗರಿಬೇಳೆ ಏರಿದರೆ ಮೇಷ್ಟ್ರಿಗೆ ಹಬ್ಬ, ಟೊಮ್ಯಾಟೊ ಇಳಿದರೆ ಅಪ್ಪನಿಗೆ ಹಬ್ಬ. ಏರಿದ್ದು ಸರ್ಕಾರದಿಂದ ಎಂದು ಅವರು, ಮಳೆಯಿಂದ ಎಂದು ಇವರು. ಇಳಿದಾಗ ಇದೇ ಮಾತು ಅದಲುಬದಲು. ಆಂಟಿ ಇಬ್ಬರಿಗೂ ಹೂಂಗುಟ್ಟಿ, ಇಬ್ಬರಿಗೂ ಹಾಲಿನ ಪ್ಯಾಕೆಟ್ ಕೊಟ್ಟು ಕಳಿಸುತ್ತಿದ್ದರು.

ಆ ವರ್ಷ ಈರುಳ್ಳಿ ಬೆಲೆ ಏರಿತು. ಏರಿತು ಎಂದರೆ, ಹೋಟೆಲುಗಳಲ್ಲಿ ಈರುಳ್ಳಿ ದೋಸೆ ಕೇಳಿದರೆ ಮಾಣಿ ಮುಖ ನೋಡುವಷ್ಟು. ಟೀವಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ. ಒಂದು ಬೆಳಿಗ್ಗೆ ಮೇಷ್ಟ್ರು ತಮ್ಮ ಪಾರ್ಟಿಯ ಹುಡುಗರನ್ನು ಅಂಗಡಿಗೆ ಕರೆದುಕೊಂಡು ಬಂದರು. ಜೊತೆಯಲ್ಲಿ ದೊಡ್ಡ ಕ್ಯಾಮೆರಾ, ಒಂದು ಈರುಳ್ಳಿ ಹಾರ.

"ಆಂಟಿ, ಬೆಲೆ ಏರಿಕೆ ಬಗ್ಗೆ ಒಂದು ಫೋಟೋ ಬೇಕಿತ್ತು. ಈ ಹಾರ ಹಾಕ್ಕೊಂಡು ನಿಂತ್ಕೋತೀರಾ?" ಎಂದ ಒಬ್ಬ.

ಫೋಟೋ ಎಂದ ಮೇಲೆ ಕೇಳಬೇಕೆ. ಆಂಟಿ ಒಳಗೆ ಹೋಗಿ ಸೀರೆ ಬದಲಿಸಿ, ಹೊಸ ಹೂ ಮುಡಿದು ಬಂದರು. ಆಫೀಸಿಗೆ ಹೊರಟಿದ್ದ ನಾನೂ ನೋಡುತ್ತಾ ನಿಂತೆ. ತೊಂದರೆ ಏನೆಂದರೆ, ಎಷ್ಟು ಹೇಳಿದರೂ ಅವರ ಮುಖದಲ್ಲಿ ನಗು ಮಾಸಲಿಲ್ಲ.

"ಆಂಟಿ, ಸ್ವಲ್ಪ ಅಳ್ಬೇಕು."

"ಅಳು ಬರ್ತಿಲ್ವಲ್ಲೋ, ನಾನೇನ್ ಮಾಡ್ಲಿ?"

ಕೊನೆಗೆ ಹಾರದಿಂದಲೇ ಒಂದು ಈರುಳ್ಳಿ ಕಿತ್ತು ಅವರ ಕೈಗೆ ಕೊಟ್ಟು ಹೆಚ್ಚಲು ಹೇಳಿದರು. ಹೆಚ್ಚುತ್ತಾ ಹೆಚ್ಚುತ್ತಾ ಆಂಟಿಯ ಕಣ್ಣು ತುಂಬಿ ನೀರು ಕೆನ್ನೆಯ ಮೇಲೆ ಇಳಿಯಿತು. ಕ್ಯಾಮೆರಾ ಟಪಟಪ ಎಂದಿತು. ಅಂದು ಅಲ್ಲಿ ನಿಂತಿದ್ದ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ಆಂಟಿಯೂ ಸೇರಿ.

ಒಂದೆರಡು ದಿನದಲ್ಲಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಮನೆಯೆತ್ತರದ ಆಂಟಿ, ಕೊರಳಲ್ಲಿ ಈರುಳ್ಳಿ, ಕಣ್ಣಲ್ಲಿ ನೀರು. ಮೇಲೆ ಕೆಂಪಕ್ಷರದಲ್ಲಿ, "ಈ ತಾಯಿಯ ಕಣ್ಣೀರಿಗೆ ಯಾರು ಹೊಣೆ?" ಕೆಳಗೆ ಸಾಲು ಸಾಲು ಮುಖಂಡರು, ಎಲ್ಲರೂ ಕೈ ಮುಗಿದುಕೊಂಡು. ಆಂಟಿ ಅಂಗಡಿ ಬಾಗಿಲು ಮುಂದೆ ಮಾಡಿ ಆಟೋ ಹಿಡಿದು ಹೋಗಿ ನೋಡಿ ಬಂದರು. "ಅಷ್ಟು ದೊಡ್ಡದು ಮಾಡ್ತಾರೆ ಅಂತ ಗೊತ್ತಿದ್ದಿದ್ರೆ ಓಲೆ ಹಾಕ್ಕೋತಿದ್ದೆ" ಎಂದರು ನನ್ನ ಹತ್ತಿರ. ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ.

ಮೊದಲು ಹೋಗುವುದನ್ನು ಬಿಟ್ಟವರು ನಮ್ಮಪ್ಪ. "ದುಡ್ಡು ಈಸ್ಕೊಂಡು ಅಳೋರ ಅಂಗಡಿಗೆ ನಾನ್ ಹೋಗಲ್ಲ" ಎಂದು ಹಾಲಿಗೆ ಮೇನ್ ರೋಡಿನ ತನಕ ನಡೆಯತೊಡಗಿದರು. ಆಂಟಿ ಯಾರಿಂದಲೂ ದುಡ್ಡು ಪಡೆದಿರಲಿಲ್ಲ, ನಾನೇ ಕಣ್ಣಾರೆ ನೋಡಿದ್ದೆ. ಹೇಳಿದರೆ ಅಪ್ಪ ಕೇಳಲಿಲ್ಲ. ಅಪ್ಪನ ಪಕ್ಷದ ಕಡೆಯವರು ನಮ್ಮ ಬೀದಿಯಲ್ಲಿ ಇನ್ನೂ ಹಲವರಿದ್ದರು. ಒಬ್ಬೊಬ್ಬರಾಗಿ ಅವರೂ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: ಅಂಗಡಿಯವಳು ಹಿಂದಿನ ರೂಮಿನಲ್ಲಿ ಮೂಟೆಗಟ್ಟಲೆ ಈರುಳ್ಳಿ ಬಚ್ಚಿಟ್ಟಿದ್ದಾಳೆ, ಅದಕ್ಕೇ ಆ ಪರದೆ, ಬೆಲೆ ತಾನೇ ಏರಿಸಿ ಸರ್ಕಾರದ ಮೇಲೆ ಹೇಳುತ್ತಾಳೆ. ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ ಚಂದ್ರಾ ಲೇಔಟಿನ ನನ್ನ ಗೆಳತಿಯ ಫೋನಿಗೂ ಬಂದಿತ್ತು, ಫ್ಲೆಕ್ಸಿನ ಫೋಟೋ ಸಮೇತ.

ಊಟದ ಹೊತ್ತಿನಲ್ಲಿ ಅಪ್ಪ ಅದನ್ನು ಗಟ್ಟಿಯಾಗಿ ಓದಿದರು. ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು, "ನೀವು ನೋಡಿದ್ರಾ?"

"ಎಲ್ರೂ ಹೇಳ್ತಿದಾರಲ್ಲ."

"ಎಲ್ರೂ ನೋಡಿದ್ರಾ?"

ಅಪ್ಪ ಫೋನನ್ನು ಮಗುಚಿಟ್ಟು ಅನ್ನ ಕಲಸತೊಡಗಿದರು.

ಒಂದು ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ದಡಬಡ ಸದ್ದು ಕೇಳಿ ನಾವು ಗೇಟಿಗೆ ಬಂದೆವು. ಆಂಟಿ ಅಂಗಡಿಯನ್ನು ರಸ್ತೆಗೆ ತಂದು ಹಾಕುತ್ತಿದ್ದರು. ಅಕ್ಕಿಮೂಟೆ ಎಳೆದು ತಂದರು. ಬೇಳೆ ಡಬ್ಬಗಳು, ಎಣ್ಣೆ ಟಿನ್ನುಗಳು, ಬಿಸ್ಕತ್ತಿನ ಭರಣಿಗಳು, ಪೊರಕೆ ಕಟ್ಟುಗಳು. ಅಂಗಡಿ ಬರಿದಾದ ಮೇಲೆ ಹಿಂದಿನ ರೂಮಿಗೆ ಹೋದರು. ಅಲ್ಲಿಂದ ಟ್ರಂಕು, ಸ್ಟವ್ವು, ಪಾತ್ರೆ, ಗಂಡನ ಫೋಟೋ. ಕೊನೆಗೆ ಅರ್ಧ ಚೀಲ ಈರುಳ್ಳಿ ತಂದು ನಡುಬೀದಿಯಲ್ಲಿ ಸುರಿದರು. ಅರ್ಧಕ್ಕರ್ಧ ಮೊಳಕೆ ಬಂದಿತ್ತು. ಬೀದಿಯ ಅಷ್ಟೂ ಗೇಟುಗಳಲ್ಲಿ ಜನ.

ಆಂಟಿ ಏದುಸಿರು ಬಿಡುತ್ತಾ ಪರದೆಯನ್ನು ಕಿತ್ತು ಹೆಗಲ ಮೇಲೆ ಹಾಕಿಕೊಂಡರು. "ನೋಡ್ರಿ, ಎಲ್ಲಾರೂ ಬಂದ್ ನೋಡ್ರಿ" ಎಂದರು. ಆ ದನಿ ನಾನು ಕೇಳಿದ ದನಿಯೇ ಆಗಿರಲಿಲ್ಲ. "ಇಷ್ಟ ಐತಿ ನನ್ನ ಆಸ್ತಿ. ಒಳಗ ಇನ್ನ ನಮ್ಮ ಅತ್ತಿ ಒಬ್ಬಾಕಿ ಮಲಗ್ಯಾಳ. ಆಕಿನ್ನೂ ಎತ್ಕೊಂಡ್ ಬರ್ಲೇನ್ರಿ? ಆಕಿ ಕೆಳಗ ಏನರ ಮುಚ್ಚಿಟ್ಟೇನೇನೋ ನೋಡ್ತೀರೇನ್ರಿ?"

ಪರದೆ ಇಲ್ಲದ ಬಾಗಿಲಿನಾಚೆ ಕಬ್ಬಿಣದ ಮಂಚ ಕಾಣುತ್ತಿತ್ತು. ಅದರ ಮೇಲೆ ಮಗುವಿನಷ್ಟು ಚಿಕ್ಕದಾಗಿದ್ದ ಒಬ್ಬ ಮುದುಕಿ, ತೆರೆದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನೇ ನೋಡುತ್ತಿದ್ದಳು...

ಮೊದಲು ಅಲುಗಿದವಳು ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಬೇಳೆ ಡಬ್ಬ ಎತ್ತಿಕೊಂಡು ಅಂಗಡಿಯೊಳಗೆ ಇಟ್ಟು ಬಂದಳು. ಆಮೇಲೆ ಇನ್ನೊಂದು. ನಾನೂ ಹೋದೆ. ಪಕ್ಕದ ಮನೆಯ ಹೆಂಗಸರೂ ಬಂದರು. ಆಂಟಿ ಪರದೆಯನ್ನು ಮುದ್ದೆ ಮಾಡಿ ಹಿಡಿದುಕೊಂಡು ಚಪ್ಪಡಿಯ ಮೇಲೆ ಕೂತೇ ಇದ್ದರು. ಅವತ್ತು ಅವರ ಕಣ್ಣಲ್ಲಿ ನೀರಿರಲಿಲ್ಲ. ಅಪ್ಪ ಗೇಟಿನ ಚಿಲಕ ಹಿಡಿದುಕೊಂಡು ನಿಂತವರು ಹಾಗೆಯೇ ಒಳಗೆ ಹೋದರು.

ಮಧ್ಯಾಹ್ನ ಅಪ್ಪ ಮನೆಯಲ್ಲಿ ಕಾಣಲಿಲ್ಲ. ಅಮ್ಮ ನೋಡಿಕೊಂಡು ಬಾ ಎಂದಳು. ಹುಡುಕುತ್ತಾ ಸರ್ಕಲ್ಲಿಗೆ ಹೋದೆ. ಅಲ್ಲಿ ಮೇಷ್ಟ್ರು ಯಾರೋ ಪೇಂಟಿನವನ ಏಣಿ ಹತ್ತಿ, ಕುಡುಗೋಲಿನಲ್ಲಿ ಫ್ಲೆಕ್ಸಿನ ದಾರ ಕೊಯ್ಯುತ್ತಿದ್ದರು. ಕೆಳಗೆ ನಮ್ಮಪ್ಪ.

"ಮೇಷ್ಟ್ರೇ, ಇಳೀರಿ. ಈ ವಯಸ್ಸಲ್ಲಿ ಬಿದ್ರೆ ಸೊಂಟ ಹೋಗುತ್ತೆ."

"ನಾನೇ ಕಟ್ಸಿದ್ದು ಸ್ವಾಮಿ. ನಾನೇ ಬಿಚ್ತೀನಿ."

ಅಪ್ಪ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅಷ್ಟರಲ್ಲಿ ಮೇಷ್ಟ್ರ ಪಾರ್ಟಿಯ ಹುಡುಗನೊಬ್ಬ ಬೈಕ್ ನಿಲ್ಲಿಸಿ, "ಏನ್ ಸಾರ್ ಇದು, ನಮ್ಮೋರಾಗಿ ನೀವೇ ಹಿಂಗೆ ಮಾಡೋದಾ?" ಎಂದು ಕೂಗಾಡಿದ.

"ನಾಳೆ ಬೆಳಿಗ್ಗೆ ನಾನು ಆಯಮ್ಮನ ಮುಖ ನೋಡ್ಬೇಕು ಕಣಪ್ಪ. ನೀನಲ್ಲ" ಎಂದರು ಮೇಷ್ಟ್ರು ಮೇಲಿನಿಂದಲೇ.

ಇಬ್ಬರೂ ಫ್ಲೆಕ್ಸನ್ನು ಚಾಪೆಯಂತೆ ಸುರುಳಿ ಸುತ್ತಿ, ಮುಂದೊಬ್ಬರು ಹಿಂದೊಬ್ಬರು ಹೊತ್ತುಕೊಂಡು ಅಂಗಡಿಗೆ ಬಂದರು. ಅಪ್ಪ, "ತಪ್ಪಾಯ್ತಮ್ಮ" ಎಂದಷ್ಟೇ ಅಂದರು. ಆಂಟಿ ಅವರ ಮುಖ ನೋಡಲಿಲ್ಲ. ಫ್ಲೆಕ್ಸಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಗಟ್ಟಿ ಐತಿ. ಮಳಿ ಬಂದ್ರ ಕಟ್ಟಾಕ ಬರ್ತೈತಿ, ಇಲ್ಲೇ ಇಡ್ರಿ" ಎಂದರು.

ಹೇಳಿದಂತೆಯೇ ಅದನ್ನು ಅಂಗಡಿ ಮುಂದೆ ಚಪ್ಪರದ ಹಾಗೆ ಕಟ್ಟಿಸಿದರು. ಬಿಳಿ ಬೆನ್ನು ಆಕಾಶಕ್ಕೆ, ಚಿತ್ರ ನಮ್ಮ ಕಡೆಗೆ. ಸಾಮಾನು ಕೊಳ್ಳಲು ಹೋದವರು ತಲೆ ಎತ್ತಿದರೆ ಮೇಲೆ ಅಳುವ ಆಂಟಿ, ಎದುರಿಗೆ ಬೇಳೆ ತೂಗುವ ಆಂಟಿ. ಮುಖಂಡರ ಸಾಲು ಮಾತ್ರ ಮಡಿಕೆಯೊಳಗೆ ಸೇರಿಹೋಗಿತ್ತು. ಅಪ್ಪ ಮತ್ತೆ ದಿನಾ ಹೋಗತೊಡಗಿದರು. ಕೇಳಿದ್ದನ್ನು ಆಂಟಿ ಕೊಡುತ್ತಿದ್ದರು, ಮಾತಿಲ್ಲ. ಎಷ್ಟೋ ದಿನ ಕಳೆದ ಮೇಲೆ, ಸಕ್ಕರೆ ಬೆಲೆಗೋ ಎಣ್ಣೆ ಬೆಲೆಗೋ ಅಪ್ಪನಿಗೂ ಮೇಷ್ಟ್ರಿಗೂ ಹಳೆಯ ಜಗಳ ಹತ್ತಿಕೊಂಡಿತು. ಆಗ ಆಂಟಿ ಕೌಂಟರಿನಿಂದ, "ಸಾರ್, ಸ್ವಲ್ಪ ಮೆಲ್ಲಗೆ ಜಗಳ ಆಡಿ. ಅತ್ತೆಗೆ ಈಗಷ್ಟೇ ನಿದ್ದೆ ಹತ್ತಿದೆ" ಎಂದರು. ಬೆಂಗಳೂರಿನ ಮಾತಿನಲ್ಲಿ. ಅಪ್ಪ ಅದನ್ನು ಮನೆಗೆ ಬಂದು ಬಹುಮಾನ ಬಂದವರ ಹಾಗೆ ಹೇಳಿಕೊಂಡರು. ಅಲ್ಲಿಂದಾಚೆಗೆ ಆ ಇಬ್ಬರು ಮುದುಕರು ಜಗಳವಾಡಿದ್ದೆಲ್ಲ ಪಿಸುಮಾತಿನಲ್ಲಿ. ಕೈ ಬೀಸಾಟ ಮಾತ್ರ ಜೋರು. ದೂರದಿಂದ ನೋಡುವವರಿಗೆ ಏನೋ ಗುಟ್ಟು ಹೇಳಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು.

ಮುಂದೆ ಚುನಾವಣೆ ಬಂತು, ಸರ್ಕಾರ ಬದಲಾಯಿತು. ಈರುಳ್ಳಿ ಇಳಿಯಿತು, ಆಮೇಲೆ ಇನ್ನೇನೋ ಏರಿತು. ಈಗ ಬೈಯುವ ಸರದಿ ಅಪ್ಪನದು, ಮಳೆಯ ಮೇಲೆ ಹಾಕುವ ಸರದಿ ಮೇಷ್ಟ್ರದು. ಒಂದು ಬೆಳಿಗ್ಗೆ ಆಂಟಿ ಸೇರು ಕೆಳಗಿಟ್ಟು, "ಸಾರ್, ಹೋದ ಸಲ ಈ ಮಾತು ನೀವು ಹೇಳ್ತಿದ್ರಿ, ಇವತ್ತು ಮೇಷ್ಟ್ರು ಹೇಳ್ತಿದಾರೆ. ಜಾಗ ಬದಲಾಯಿಸಿ ಕೂತ್ಕೊಳ್ಳಿ, ನಂಗೆ ಗೊಂದಲ ಆಗುತ್ತೆ" ಎಂದಾಗ ಮೊದಲು ನಕ್ಕಿದ್ದು ಮೇಷ್ಟ್ರು.

ಅತ್ತೆ ತೀರಿಕೊಂಡ ಮೇಲೆ ಮನೆಯ ಮಾಲೀಕರು ಆ ಜಾಗವನ್ನು ಅಪಾರ್ಟ್‌ಮೆಂಟಿಗೆ ಕೊಟ್ಟರು. ಆಂಟಿ ಊರಿಗೆ, ತಂಗಿಯ ಮನೆಗೆ ಹೊರಟರು. ಯಶವಂತಪುರ ಸ್ಟೇಷನ್ನಿಗೆ ಬಿಡಲು ನಾನೇ ಹೋಗಿದ್ದೆ. ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಟೀ ಕೊಡಿಸಿದೆ. ಬೆಲೆ ಕೇಳಿ ಅವರ ಹುಬ್ಬು ಮೇಲೇರಿತು.

"ಇಷ್ಟು ನೀರಿಗೆ ಇಷ್ಟಾ! ಈಗ ಯಾರನ್ನ ಬೈಯೋದು ಹೇಳು? ಬೈಯೋರಿಬ್ರೂ ಅತ್ತಿಗುಪ್ಪೇಲಿ ಉಳ್ಕೊಂಡ್ರು."

ನಗುತ್ತಲೇ ಅಂದರು. ರೈಲು ಬಂದಾಗ ಮಾತ್ರ ನನ್ನ ಕೆನ್ನೆ ಸವರಿ, "ಬರ್ತೀನವ್ವಾ, ಅಪ್ಪಾರ್ನ ಚೆಂದಾಗ್ ನೋಡ್ಕೋ" ಎಂದರು. ಊರಿನ ಮಾತು ಸಿಟ್ಟಿಗಷ್ಟೇ ಅಲ್ಲ ಎಂದು ನನಗೆ ತಿಳಿದದ್ದು ಅಂದು. ಕೆಲವು ವರ್ಷ ಹಬ್ಬಕ್ಕೆ ಫೋನ್ ಬರುತ್ತಿತ್ತು. ಆಮೇಲೊಮ್ಮೆ ಅದೇ ನಂಬರಿನಿಂದ ಅವರ ತಂಗಿ ಮಾತಾಡಿದರು...

ಅಮ್ಮ ತೀರಿಕೊಂಡಾಗಿದೆ. ಮೇಷ್ಟ್ರೂ ಹೋದರು. ಅಪ್ಪನಿಗೆ ಈಗ ಮೆಟ್ಟಿಲು ಇಳಿಯಲಾಗದು. ಮಾರ್ಟಿನಿಂದ ಬಂದು ಚೀಲ ಇಳಿಸುತ್ತಿದ್ದ ಹಾಗೆ ಅವರು ಕುರ್ಚಿಯಿಂದಲೇ ಕೇಳಿದರು:

"ಈರುಳ್ಳಿ ಎಷ್ಟು ಇವತ್ತು?"

ಬಿಲ್ ನೋಡಿ ಹೇಳಿದೆ.

"ಅಂದ್ರೆ ಏರಿದ್ಯಾ, ಇಳಿದಿದ್ಯಾ?"

ನನಗೆ ಗೊತ್ತಿರಲಿಲ್ಲ. ಅದರ ಹಿಂದಿನ ವಾರ ಎಷ್ಟಿತ್ತೆಂದು ನಾನು ನೋಡಿಯೇ ಇರಲಿಲ್ಲ. ಮೆಷಿನ್ ಕೂಗಿತು, ಫೋನ್ ತೋರಿಸಿದೆ, ಬಂದೆ. ಹಾಗೆಂದು ಹೇಳಿದೆ.

"ಹಂಗಾದ್ರೆ ಯಾರನ್ನ ಅಂತ ಬೈಲಿ?" ಎಂದರು. ಅದನ್ನೂ ಪಿಸುಮಾತಿನಲ್ಲೇ, ಯಾರೋ ಒಳಗೆ ಮಲಗಿರುವ ಹಾಗೆ.