ಮೀನಿನೊಳಗಿನ ಚುಕ್ಕಿಗೆರೆ

ಕಸ್ತೂರಿ, ನಿನ್ನ ಚಿತ್ರದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಉಳಿಯದು — ಅಲ್ಲ, ಉಳಿ ಏನು ಮಾಡೀತು — ನನ್ನದು. ಹದಿಮೂರು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ.

ನನ್ನ ಬಳಿ ಇದ್ದು ಓದುವ ನಿನ್ನ ಮಗಳ ಚಿತ್ರಕ್ಕೆ ಇವತ್ತು ಸವದತ್ತಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೋಳಿಯ ಓಣಿ ಓಣಿ ಪೇಡೆ ಹಂಚಿದೆ — ಹಲ್ಲಿಲ್ಲದವರಿಗೂ ಎರಡೆರಡು! "ಮಾನಪ್ಪಜ್ಜನ ಕೈ ಮೊಮ್ಮಗಳಿಗೆ ಬಂದೈತಿ ನೋಡ್ರಿ" ಅಂದರು. ನಕ್ಕೆ. ನಕ್ಕು ಆ ಮಾತನ್ನೂ ನನ್ನದಾಗಿಸಿಕೊಂಡೆ. ಆಮೇಲೆ ನನ್ನ ಪಾಲಿನ ಪೇಡೆಯನ್ನು ತಿನ್ನದೆ ಕಾಗದದಲ್ಲಿ ಸುತ್ತಿಟ್ಟೆ.

ತೊಂಬತ್ತೈದರ ಬೇಸಿಗೆ. ಬೈಲಹೊಂಗಲದ ಸಾವುಕಾರರು ಮನೆಯ ಮುಂದೆ ಕಲ್ಲಿನ ಕಾರಂಜಿ ಕೆತ್ತಬೇಕೆಂದು ನನಗೆ ದಪ್ಪ ಪುಸ್ತಕವೊಂದನ್ನು ಕೊಟ್ಟಿದ್ದರು. ಐನೂರು ವರ್ಷದ ಹಿಂದೆ ಇಟಲಿಯ ಚಿತ್ರಗಾರರು ಕಾರಂಜಿಗೆಂದೇ ಬರೆದ ನಕ್ಷೆಗಳು. ಮೀನಿನ ಮೇಲೆ ನಿಂತ ಗಡ್ಡದ ದೇವರು, ಕೈಯಲ್ಲಿ ತ್ರಿಶೂಲ. ನಾನು ಕೈ ಮುಗಿದೆ. "ಇಂವಾ ಶಿವ ಅಲ್ಲಪಾ, ಅವರ ಸಮುದ್ರದ ದೇವರು!" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅದನ್ನು ನೀನೇ ಕಲ್ಲಿನ ಅಳತೆಗೆ ದೊಡ್ಡದಾಗಿ ಹಾಳೆಯ ಮೇಲೆ ಬರೆದುಕೊಟ್ಟೆ. ಮೀನಿನ ಬಾಲದಿಂದ ಬಾಯಿಯವರೆಗೆ ಒಂದು ಚುಕ್ಕಿಗೆರೆ. ಶಾಲೆಯಲ್ಲಿ ಎರಡನೇ ಇಯತ್ತೆಯವರೆಗಷ್ಟೇ ಕಲಿತ ನನಗೂ ತಿಳಿಯುವಂತೆ ಪಕ್ಕದಲ್ಲಿ ದಪ್ಪ ಅಕ್ಷರ: ಮೊದಲು ಇಲ್ಲಿ ತೂತು. ಕಲ್ಲು ಇಡಿಯಾಗಿರುವಾಗಲೇ ನೀರಿನ ದಾರಿ ಕೊರೆಯಬೇಕು, ಕೆತ್ತನೆ ಆಮೇಲೆ. ಓದಿದೆ, ಕಸ್ತೂರಿ. ಓದಿಯೂ — ಇಷ್ಟು ವರ್ಷ ದೇವರುಗಳನ್ನು ಕೆತ್ತಿದವನಿಗೆ ಹುಡುಗಿ ಹೇಳುವುದೇನು ಎಂದು, ತೂತನ್ನು ಕೊನೆಗೆ ಬಿಟ್ಟೆ.

ಸಾವುಕಾರರ ಅಂಗಳದಲ್ಲಿ ಕೊರೆಯುವಾಗ ಮೀನಿನ ಗಂಟಲು ಸೀಳಿ, ತಲೆ ಕೆಳಗೆ ಬಿತ್ತು.

"ಏನ್ ಮಾನಪ್ಪಾ ಇದು?"

"ಹುಡುಗಿ ಬರದದ್ದ ತಪ್ಪೈತ್ರಿ."

"ಇಕೀನ್ನ ಚಿತ್ರ ಕಲಿಯಾಕ ಧಾರವಾಡಕ್ಕ ಕಳಸಬೇಕಂತ ಮಾಡಿದ್ನಲ್ಲೋ!" ಎಂದು ಅವರು ಪುಸ್ತಕ ಮುಚ್ಚಿದರು.

ನೀನು ನನ್ನ ಹಿಂದೆಯೇ ಇದ್ದೆ, ಹಾಳೆ ನಿನ್ನ ಕೈಯಲ್ಲೇ ಇತ್ತು. ಬಿಚ್ಚಿ ತೋರಿಸಬಹುದಿತ್ತು. ನೀನು ಸುರುಳಿ ಸುತ್ತಿ ನನ್ನ ಉಳಿಪೆಟ್ಟಿಗೆಯಲ್ಲಿ ಇಟ್ಟೆ — ಅಷ್ಟೇ. ಧಾರವಾಡದ ಮಾತು ಮತ್ತೆ ಬರಲಿಲ್ಲ. ಮಳೆಗಾಲ ಕಳೆಯುತ್ತಲೇ ನಿನ್ನನ್ನು ರಾಮದುರ್ಗಕ್ಕೆ ಮದುವೆ ಮಾಡಿ ಕೊಟ್ಟೆ. ಬಾಗಿಲ ಮುಂದಿನ ರಂಗೋಲಿ ಬಿಟ್ಟರೆ ನೀನು ಮತ್ತೇನಾದರೂ ಬರೆದದ್ದನ್ನು ನಾನು ಕಾಣೆ.

ಇಂದು ಸಂಜೆ ಆ ಹಾಳೆಯನ್ನು ಮೊಮ್ಮಗಳ ಮುಂದೆ ಬಿಚ್ಚಿದೆ.

"ಯಾರು ಬರದಾರಜ್ಜಾ?"

"ನಿಮ್ಮವ್ವ."

"ಅವ್ವಗ ಚಿತ್ರ ಬರತೈತಿ?"

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿಗೆ ಅದೇ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ನಾಳೆ ಪೇಡೆ ಕೊಟ್ಟ ಮನೆಮನೆಗೂ ಮತ್ತೆ ಹೋಗುತ್ತೇನೆ — ಈ ಸಲ ನಿನ್ನ ಹಾಳೆ ಹಿಡಿದು. ಅಲ್ಲಿಂದ ಬೈಲಹೊಂಗಲದ ಆ ಅಂಗಳಕ್ಕೆ.